ಹಳೆಯ ವಾಹನದ ತಗಡು ದುರಸ್ತಿ: ಐದು ವರ್ಷದ ಲೆಕ್ಕ

ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯಿಂದ ರೇಷ್ಮೆಗೂಡು, ಮಾವು, ಹಾಲು, ತರಕಾರಿಗಳನ್ನು ಹೊತ್ತು ಪಟ್ಟಣಕ್ಕೆ ಬರುವ ವಾಹನಗಳ ನಡುವೆ ಹಳೆಯ ವಾಹನಗಳು ಇಂದಿಗೂ ಅಪರೂಪವಲ್ಲ. ಅದೇ ತಾಲ್ಲೂಕಿನ ಬಿಡದಿಯ ಕಾರ್ಖಾನೆಯಲ್ಲಿ 1999ರ ಕೊನೆಯಲ್ಲಿ ತಯಾರಿಕೆ ಆರಂಭವಾಗಿ, 2000ದ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ ಕ್ವಾಲಿಸ್ ವಾಹನದ ತಯಾರಿಕೆ 2005ರಲ್ಲಿ ನಿಂತಿತು. ಮಾರುತಿ 800 ಮತ್ತು ಅಂಬಾಸಿಡರ್ ಕಾರುಗಳು 2014ರಲ್ಲಿಯೂ, ಮಾರುತಿ ಓಮ್ನಿ 2019ರಲ್ಲಿಯೂ ತಯಾರಿಕೆಯಿಂದ ಮರೆಯಾದವು. ಇಂದು ರಸ್ತೆಯ ಮೇಲಿರುವ ಪ್ರತಿಯೊಂದು ಕ್ವಾಲಿಸ್ ವಾಹನಕ್ಕೂ ಇಪ್ಪತ್ತು ವರ್ಷ ತುಂಬಿದೆ. ಇಂಜಿನ್ನು ಗಟ್ಟಿಯಾಗಿದೆ, ಗೇರು ಸರಿಯಾಗಿದೆ. ಆದರೆ ಬಾಗಿಲ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ಕಂದು ಪುಡಿ ಉದುರುತ್ತದೆ. ಇಂತಹ ವಾಹನವನ್ನು ಉಳಿಸಿಕೊಳ್ಳಬೇಕೆ, ಉಳಿಸಿಕೊಳ್ಳುವುದಾದರೆ ಎಷ್ಟು ಖರ್ಚು ಮಾಡಬೇಕು ಎಂಬುದು ಸಣ್ಣ ವರ್ತಕನ ಮುಂದಿರುವ ನಿಜವಾದ ಹಣಕಾಸಿನ ಪ್ರಶ್ನೆಯಾಗಿದೆ. ಅದನ್ನು ಬಣ್ಣದ ಪ್ರಶ್ನೆಯೆಂದು ಭಾವಿಸಿ ಟಿಂಕರಿಂಗ್ ಶೆಡ್ಡಿನ ಚೌಕಾಸಿಗೆ ಬಿಟ್ಟುಬಿಡುವುದು ಇಂದಿನ ವಾಡಿಕೆ.

ಈ ಪ್ರಶ್ನೆಗೆ ಸರ್ಕಾರವೂ ಒಂದು ಬೆಲೆಯನ್ನು ಗೊತ್ತುಪಡಿಸಿದೆ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿದ ಬಳಿಕ ಅದನ್ನು ಐದೈದು ವರ್ಷಗಳಿಗೆ ನವೀಕರಿಸಬೇಕು. ಈ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿತು. 2025ರ ಆಗಸ್ಟ್ ತಿಂಗಳ ಅಧಿಸೂಚನೆಯಂತೆ 20 ವರ್ಷ ಮೀರಿದ ಲಘು ಮೋಟಾರು ವಾಹನಗಳಿಗೆ ಅದು 10,000 ರೂಪಾಯಿ ಆಯಿತು. ಈ ಶುಲ್ಕವನ್ನು ಕಟ್ಟಿದ ಮಾಲೀಕನು ಆ ವಾಹನವನ್ನು ಇನ್ನೂ ಐದು ವರ್ಷ ಓಡಿಸುವುದಾಗಿ ಲೆಕ್ಕ ಹಾಕಿಯೇ ಕಟ್ಟಿರುತ್ತಾನೆ. ಅದೇ ಮಾಲೀಕನು ಶೆಡ್ಡಿಗೆ ಹೋದಾಗ ಮಾತ್ರ ಒಂದು ಮಳೆಗಾಲ ಕಳೆದರೆ ಸಾಕೆಂಬ ಲೆಕ್ಕದಲ್ಲಿ ತೇಪೆ ಹಾಕಿಸುತ್ತಾನೆ. ಈ ಎರಡು ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ.

ಅಗ್ಗದ ದುರಸ್ತಿ ಹೇಗೆ ಅಗ್ಗವಾಗುತ್ತದೆ ಎಂಬುದನ್ನು ಮೊದಲು ತಿಳಿಯುವುದು ಒಳಿತು. ತೂತು ಬಿದ್ದ ಕಡೆ ತುಕ್ಕನ್ನು ಪೂರ್ತಿ ಕತ್ತರಿಸದೆ, ಅದರ ಮೇಲೆಯೇ ತಗಡಿನ ತುಂಡೊಂದನ್ನಿಟ್ಟು ಗ್ಯಾಸ್ ವೆಲ್ಡಿಂಗಿನಿಂದ ಅಂಟಿಸಲಾಗುತ್ತದೆ. ಏರುಪೇರನ್ನು ಪುಟ್ಟಿಯಿಂದ ಮುಚ್ಚಿ, ತೇಯ್ದು, ಬಣ್ಣ ಹೊಡೆದು, ಐದನೆಯ ದಿನ ವಾಹನವನ್ನು ಹೊಳೆಯುವಂತೆ ಒಪ್ಪಿಸಲಾಗುತ್ತದೆ. ಗ್ರಾಹಕನು ಹೊರಗಿನಿಂದ ನೋಡಿ ಸಂತೋಷದಿಂದ ಹಣ ಕೊಡುತ್ತಾನೆ. ಒಳಬದಿಯಲ್ಲಿ ನಡೆದಿರುವುದು ಬೇರೆ. ಬೆಸುಗೆಯ ಬಿಸಿಗೆ ತಗಡಿನ ಹಿಂಬದಿಯ ಬಣ್ಣವೂ ಕಾರ್ಖಾನೆಯ ಲೇಪನವೂ ಸುಟ್ಟುಹೋಗಿ ಬರಿಯ ಉಕ್ಕು ಉಳಿದಿರುತ್ತದೆ. ಹಳೆಯ ತುಕ್ಕು ಮತ್ತು ಹೊಸ ತಗಡಿನ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಆ ಸಂದಿಗೆ ಇಳಿದ ನೀರು ಒಣಗುವುದೇ ಇಲ್ಲ. ಪುಟ್ಟಿಯೂ ತೇವವನ್ನು ಹೀರಿ ಹಿಡಿದುಕೊಳ್ಳುವ ವಸ್ತು. ಎರಡನೆಯ ಮಳೆಗಾಲದ ಹೊತ್ತಿಗೆ ಬಣ್ಣದ ಕೆಳಗೆ ಗುಳ್ಳೆಗಳೇಳುತ್ತವೆ. ಆಗ ದೂರು ಟಿಂಕರ್ ಮೇಲೆ ಬೀಳುತ್ತದೆ. ನಿಜವಾಗಿ ದೂರಿನ ದೊಡ್ಡ ಪಾಲು ಗ್ರಾಹಕನಿಗೆ ಸಲ್ಲಬೇಕು. ಕಾಣದ ಕೆಲಸಕ್ಕೆ ಹಣ ಕೊಡಲು ಅವನು ಒಪ್ಪಿರಲಿಲ್ಲ. ಒಪ್ಪದ ಕೆಲಸವನ್ನು ಶೆಡ್ಡಿನವನು ಪುಕ್ಕಟೆಯಾಗಿ ಮಾಡಲಾರ.

ತುಕ್ಕು ಹಿಡಿಯಲು ಉಕ್ಕಿಗೆ ನೀರು ಮತ್ತು ಗಾಳಿ ಸಾಕು. ಉಪ್ಪು ಸೇರಿದರೆ ವೇಗ ಹಲವು ಪಟ್ಟಾಗುತ್ತದೆ. ಕಡಲತೀರದಿಂದ ದೂರವಿರುವ ರಾಮನಗರ ಸೀಮೆಯಲ್ಲಿ ಉಪ್ಪೆಲ್ಲಿಯದು ಎಂದು ಕೇಳುವವರುಂಟು. ರಸಗೊಬ್ಬರದ ಚೀಲದಿಂದ ಸೋರಿದ ಪುಡಿಯೂ ಉಪ್ಪೇ. ಜಾತ್ರೆಗೋ ಸಂತೆಗೋ ದನ ಕರುಗಳನ್ನು ಸಾಗಿಸಿದಾಗ ಬಿದ್ದ ಗಂಜಲ, ಕ್ಯಾನಿನಿಂದ ಚೆಲ್ಲಿ ಹುಳಿತ ಹಾಲು, ಕೊಳೆತ ಮಾವಿನ ರಸ ಇವೆಲ್ಲವೂ ತಗಡನ್ನು ತಿನ್ನುವ ವಸ್ತುಗಳೇ. ಹೊಲದ ಕೆಂಪು ಮಣ್ಣು ಚಕ್ರದ ಮೇಲಿನ ಕಮಾನಿನೊಳಗೆ ಗಟ್ಟಿಯಾಗಿ ಕೂತು ಒದ್ದೆಬಟ್ಟೆಯಂತೆ ವರ್ತಿಸುತ್ತದೆ. ಬಾಗಿಲ ತಳದಲ್ಲಿ ನೀರು ಇಳಿದುಹೋಗಲೆಂದು ತಯಾರಕರು ಬಿಟ್ಟಿರುವ ಸಣ್ಣ ರಂಧ್ರಗಳು ಹುಲ್ಲು ಮಣ್ಣಿನಿಂದ ಮುಚ್ಚಿಹೋದರೆ ಬಾಗಿಲೇ ನೀರಿನ ತೊಟ್ಟಿಯಾಗುತ್ತದೆ. ತುಕ್ಕು ಬಹುಪಾಲು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಗುಳ್ಳೆ ಕಂಡ ದಿನ ಒಳಗಿನ ತಗಡು ಅರ್ಧ ಸವೆದಿರುತ್ತದೆ.

ಇಲ್ಲಿ ವಾಹನದ ರಚನೆಯ ಒಂದು ವ್ಯತ್ಯಾಸವನ್ನು ವರ್ತಕರು ಅರಿಯಲೇಬೇಕು. ಕ್ವಾಲಿಸ್, ಪಿಕಪ್ ಮೊದಲಾದವುಗಳಲ್ಲಿ ಭಾರ ಹೊರುವ ಚಾಸಿ ಬೇರೆ, ಅದರ ಮೇಲೆ ಕೂರಿಸಿದ ಬಾಡಿ ಬೇರೆ. ಅಲ್ಲಿ ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ನಷ್ಟವಾದರೂ ವಾಹನದ ಬೆನ್ನೆಲುಬು ಉಳಿದಿರುತ್ತದೆ. ಓಮ್ನಿ ಮತ್ತು ಮಾರುತಿ 800ರಲ್ಲಿ ಪ್ರತ್ಯೇಕ ಚಾಸಿಯಿಲ್ಲ. ಬಾಡಿಯ ತಗಡೇ ಭಾರವನ್ನು ಹೊರುತ್ತದೆ. ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಪಟ್ಟಿ, ನೆಲ, ಕಂಬಗಳು ಇವೇ ಅದರ ಬೆನ್ನೆಲುಬು. ಸೀಟ್ ಬೆಲ್ಟಿನ ಬೋಲ್ಟುಗಳೂ ಇವುಗಳಿಗೇ ಬಿಗಿದಿರುತ್ತವೆ. ಬೆಳಿಗ್ಗೆ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಮಧ್ಯಾಹ್ನ ಸರಕು ತುಂಬುವ ಓಮ್ನಿಯ ಪಟ್ಟಿಗೆ ಪುಟ್ಟಿ ತುಂಬಿಸುವುದನ್ನು ಉಳಿತಾಯವೆಂದು ಕರೆಯಲಾಗದು. ಅಪಘಾತವಾದ ದಿನ ಆ ತಗಡು ಮಡಚಿಕೊಳ್ಳುವ ರೀತಿಯೇ ಬೇರೆಯಾಗಿರುತ್ತದೆ.

ಸರಿಯಾದ ಕೆಲಸದ ಕ್ರಮವನ್ನು ತಿಳಿದಿದ್ದರೆ ಮಾತ್ರ ಅದಕ್ಕೆ ಬೆಲೆ ಕಟ್ಟಲು ಸಾಧ್ಯ. ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಇಂಧನದ ಟ್ಯಾಂಕು, ಪೈಪು, ವೈರು, ರತ್ನಗಂಬಳಿಗಳನ್ನು ಬೆಸುಗೆಯ ಜಾಗದಿಂದ ದೂರ ಮಾಡಬೇಕು. ಅಪಾಯ ಈ ಹಂತದಲ್ಲಿಯೇ ಹೆಚ್ಚು. ಬಳಿಕ ತುಕ್ಕನ್ನು ಹೊಳೆಯುವ ಗಟ್ಟಿ ಉಕ್ಕು ಸಿಗುವವರೆಗೂ ಕತ್ತರಿಸಬೇಕು. ಅಂಗೈಯಗಲದ ತೂತು ಮೊಳದುದ್ದದ ಕತ್ತರಿಕೆಯಾಗುವುದು ಇಲ್ಲಿಯೇ. ಅಂದಾಜು ಪಟ್ಟಿ ತಪ್ಪುವುದೂ ಇಲ್ಲಿಯೇ. ಪ್ರತ್ಯೇಕ ಚಾಸಿಯಿಲ್ಲದ ವಾಹನದ ಪಟ್ಟಿಯನ್ನು ಕತ್ತರಿಸುವಾಗ ಅದನ್ನು ನಡುವಿನಲ್ಲಿ ಜಾಕಿಯ ಮೇಲೆ ಎತ್ತಿ ನಿಲ್ಲಿಸಬಾರದು. ಬಾಗಿಲ ಚೌಕಟ್ಟಿಗೆ ಅಡ್ಡ ಕಂಬಿ ಕೊಟ್ಟು, ಚಕ್ರಗಳ ಮೇಲೆಯೇ ಸಮನಾಗಿ ನಿಲ್ಲಿಸಿ, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿಗೆ ಹೋಗಬೇಕು. ಹೊಸ ಪ್ಯಾನೆಲನ್ನು ಕ್ಲಾಂಪುಗಳಿಂದ ಕೂರಿಸಿ, ಬಾಗಿಲನ್ನು ತಗುಲಿಸಿ, ಮುಚ್ಚಿ ತೆರೆದು, ಸಂದುಗಳು ಸಮವಾಗಿವೆಯೆಂದು ಕಂಡ ನಂತರವೇ ಬೆಸುಗೆ ಹಾಕಬೇಕು. ಬೆಸುಗೆ ಮುಗಿದ ಮೇಲೆ ಬಾಗಿಲು ಹೊಂದದಿದ್ದರೆ ಅದಕ್ಕೆ ಸುತ್ತಿಗೆಯಲ್ಲಿ ಪರಿಹಾರವಿಲ್ಲ.

ಕಾರಿನ ಬಾಡಿಯ ತಗಡು ಸಾಮಾನ್ಯವಾಗಿ 0.7ರಿಂದ 1 ಮಿಲಿಮೀಟರ್ ದಪ್ಪ. ಗೇಟು ಗ್ರಿಲ್ಲು ಬೆಸೆಯುವ ಕಡ್ಡಿಯ ಆರ್ಕ್ ವೆಲ್ಡಿಂಗ್ ಅದನ್ನು ಸುಟ್ಟು ತೂತು ಮಾಡುತ್ತದೆ. ಗ್ಯಾಸ್ ವೆಲ್ಡಿಂಗಿನ ಬಿಸಿ ಅಗಲವಾಗಿ ಹರಡಿ ತಗಡನ್ನು ಡೊಂಕು ಮಾಡುತ್ತದೆ. ಹಳೆಯ ಕೈಗಳು ಗ್ಯಾಸಿನಿಂದಲೂ ಅದ್ಭುತವಾದ ಕೆಲಸ ಮಾಡಿದ್ದುಂಟು, ಆದರೆ ಅಂತಹ ಕೈಗಳು ಕಡಿಮೆಯಾಗುತ್ತಿವೆ. 0.6 ಅಥವಾ 0.8 ಮಿಲಿಮೀಟರ್ ತಂತಿಯ ಮಿಗ್ ಯಂತ್ರ, ಅಂದರೆ ಶೆಡ್ಡುಗಳಲ್ಲಿ ಸಿಓಟೂ ವೆಲ್ಡಿಂಗ್ ಎಂದು ಕರೆಯುವ ಯಂತ್ರ, ಈ ಕೆಲಸಕ್ಕೆ ತಕ್ಕುದು. ಕಾರ್ಖಾನೆಯಲ್ಲಿ ಎರಡು ತಗಡುಗಳ ಅಂಚನ್ನು ಚುಕ್ಕಿ ಬೆಸುಗೆಯಿಂದ ಕೂಡಿಸಿದ ಕಡೆಗಳಲ್ಲಿ, ಮೇಲಿನ ತಗಡಿಗೆ 6ರಿಂದ 8 ಮಿಲಿಮೀಟರ್ ರಂಧ್ರಗಳನ್ನು ಕೊರೆದು, ಅವುಗಳ ಮೂಲಕ ಕೆಳಗಿನ ತಗಡಿಗೆ ಬೆಸುಗೆ ತುಂಬುವುದು ರೂಢಿ. ಹೊರಗೆ ಕಾಣುವ ಸಮತಟ್ಟಾದ ಭಾಗದಲ್ಲಿ ಅಂಚಿಗೆ ಅಂಚು ಸೇರಿಸಿ, ಒಂದೊಂದು ಅಂಗುಲಕ್ಕೆ ಒಂದು ಚುಕ್ಕಿಯಂತೆ ಒಂದು ತುದಿಯಲ್ಲೊಮ್ಮೆ ಇನ್ನೊಂದು ತುದಿಯಲ್ಲೊಮ್ಮೆ ಹಾಕುತ್ತಾ, ನಡುವೆ ಆರಲು ಬಿಡುತ್ತಾ ಹೋಗಬೇಕು. ಒಂದೇ ಎಳೆತಕ್ಕೆ ಉದ್ದಕ್ಕೂ ಬೆಸೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆತುರಕ್ಕೆ ಒದ್ದೆಬಟ್ಟೆಯಿಂದ ತಣಿಸುವುದೂ ಸಲ್ಲದು. ಬಯಲಿನಲ್ಲಿ, ಮರದಡಿಯಲ್ಲಿ ಮಿಗ್ ಯಂತ್ರ ನಡೆಸುವವರು ಗಾಳಿಗೆ ಮರೆ ಕಟ್ಟಿಕೊಳ್ಳಬೇಕು. ಬೆಸುಗೆಯನ್ನು ರಕ್ಷಿಸುವ ಅನಿಲ ಗಾಳಿಗೆ ಹಾರಿಹೋದರೆ ಬೆಸುಗೆ ತೂತುತೂತಾಗಿ, ಮುಂದೆ ಅದೇ ತುಕ್ಕಿನ ಬಾಗಿಲಾಗುತ್ತದೆ. ಸತುವಿನ ಲೇಪನವಿರುವ ತಗಡನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದವನಿಗೆ ಅಂದು ರಾತ್ರಿ ಚಳಿಜ್ವರ ಬರುತ್ತದೆ. ಅಂಚಿನ ಲೇಪನವನ್ನು ತೇಯ್ದು ತೆಗೆದು, ಗಾಳಿಯಾಡುವ ಕಡೆ ಮುಖಗವಸು ಧರಿಸಿ ಕೆಲಸ ಮಾಡುವುದು ಅಗತ್ಯ.

ಬೆಸುಗೆಗಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಗುರಿಯಾಗುವುದು ಅದರ ನಂತರದ ಕೆಲಸ. ಒಂದರ ಮೇಲೊಂದು ಕೂರುವ ಅಂಚುಗಳಿಗೆ ಬೆಸುಗೆಗೆ ಮೊದಲೇ ಸತುವಿನ ಪ್ರೈಮರ್ ಬಳಿದಿರಬೇಕು. ಬೆಸುಗೆಯ ಬಳಿಕ ತೇಯ್ದು, ಜಿಡ್ಡು ತೆಗೆದು, ತಲುಪಬಹುದಾದ ಎರಡೂ ಬದಿಗಳಿಗೆ ಎಪಾಕ್ಸಿ ಪ್ರೈಮರ್ ಹಾಕಬೇಕು. ಅಗ್ಗವೆಂದು ಬಳಿಯುವ ರೆಡ್ ಆಕ್ಸೈಡ್ ತಾನಾಗಿಯೇ ನೀರನ್ನು ತಡೆಯಲಾರದು. ಮೇಲೊಂದು ಬಣ್ಣವಿಲ್ಲದೆ ಮಳೆಗೆ ಒಡ್ಡಿದರೆ ಕೆಲವೇ ತಿಂಗಳಲ್ಲಿ ಸೋಲುತ್ತದೆ. ತುಕ್ಕನ್ನು ಕಪ್ಪಾಗಿಸುವ ರಾಸಾಯನಿಕ ದ್ರಾವಣಗಳು ತೆಳುವಾದ ಮೇಲ್ಪದರದ ತುಕ್ಕಿಗೆ ಉಪಯುಕ್ತ, ಪದರಪದರವಾಗಿ ಏಳುವ ತುಕ್ಕಿಗೆ ನಿರುಪಯುಕ್ತ. ನಂತರ ಜೋಡಣೆಯ ಗೆರೆಗೆ ಸೀಲರ್, ಅದರ ಮೇಲೆ ಬಣ್ಣ. ಎಲ್ಲವೂ ಒಣಗಿದ ಮೇಲೆ ಪೆಟ್ಟಿಗೆಯಾಕಾರದ ಟೊಳ್ಳುಗಳ ಒಳಕ್ಕೆ ಉದ್ದನೆಯ ಕೊಳವೆಯಿಂದ ಮೇಣದ ದ್ರಾವಣವನ್ನು ಸಿಂಪಡಿಸಬೇಕು. ಈ ಕೊನೆಯ ಹೆಜ್ಜೆಯೇ ಇಡೀ ದುರಸ್ತಿಯ ಆಯುಸ್ಸನ್ನು ನಿರ್ಧರಿಸುತ್ತದೆ, ಏಕೆಂದರೆ ಬೆಸುಗೆಯ ಹಿಂಬದಿಗೆ ತಲುಪುವ ರಕ್ಷಣೆ ಇದೊಂದೇ. ನೀರಿಳಿಯುವ ರಂಧ್ರಗಳು ಮೇಣದಿಂದಲೂ ಸೀಲರಿನಿಂದಲೂ ಮುಚ್ಚಿಹೋಗದಂತೆ ಒಂದು ತಂತಿಯಿಂದ ಚುಚ್ಚಿ ನೋಡುವುದನ್ನು ಮರೆಯಬಾರದು.

ವಾಟರ್ ಸರ್ವಿಸ್ ಮಾಡಿಸಿದ ಮೇಲೆ ತಳಕ್ಕೆ ಸುಟ್ಟ ಇಂಜಿನ್ ಆಯಿಲ್ ಸಿಂಪಡಿಸುವ ಹಳೆಯ ಪದ್ಧತಿಯನ್ನು ಪೂರ್ತಿ ತಳ್ಳಿಹಾಕಲಾಗದು. ಎಣ್ಣೆಯ ಪದರ ತುಕ್ಕನ್ನು ತಡೆಯುವುದು ನಿಜ. ಆದರೆ ಅದು ರಬ್ಬರಿನ ಬುಷ್‌ಗಳನ್ನು ಹಾಳುಮಾಡುತ್ತದೆ, ನೆಲವನ್ನೂ ಕೆಡಿಸುತ್ತದೆ. ಒದ್ದೆ ತುಕ್ಕಿನ ಮೇಲೆ ದಪ್ಪನೆಯ ಕಪ್ಪು ಲೇಪನ ಬಳಿಸುವುದು ಅದಕ್ಕಿಂತ ಕೇಡು. ಒಳಗೆ ಸಿಕ್ಕಿದ ನೀರು ಹೊರಬರದೆ, ಕಣ್ಣಿಗೆ ಬೀಳದೆ ತಗಡನ್ನು ತಿನ್ನುತ್ತದೆ.

ಈಗ ಹಣದ ವಿಚಾರ. ಕೆಳಗಿನವು ಉದಾಹರಣೆಗೆಂದು ತೆಗೆದುಕೊಂಡ ಅಂಕಿಗಳು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು. ತೇಪೆಯ ದುರಸ್ತಿಗೆ 12,000 ರೂಪಾಯಿ, ಐದು ದಿನ ವಾಹನ ನಿಲ್ಲುತ್ತದೆ, ಒಂದೂವರೆ ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ, ವಾಹನ ನಿಂತ ದಿನದ ನಷ್ಟವನ್ನು 1,200 ರೂಪಾಯಿ ಎಂದು ಹಿಡಿದಾಗ ಒಂದು ಸಲಕ್ಕೆ 18,000 ರೂಪಾಯಿ ಆಗುತ್ತದೆ. ಕ್ರಮವಾದ ದುರಸ್ತಿಗೆ 30,000 ರೂಪಾಯಿ, ಒಂಬತ್ತು ದಿನದ ನಷ್ಟ 10,800 ರೂಪಾಯಿ, ಆಮೇಲೆ ವರ್ಷಕ್ಕೊಮ್ಮೆ ಮೇಣ ಮತ್ತು ತಳದ ತಪಾಸಣೆಗೆ 1,000 ರೂಪಾಯಿ. ಮೂರು ವರ್ಷಕ್ಕೆ ವಾಹನವನ್ನು ಮಾರುವವನಿಗೆ ತೇಪೆಗೆ 36,000, ಕ್ರಮವಾದ ಕೆಲಸಕ್ಕೆ 43,800. ಅಲ್ಲಿ ತೇಪೆಯೇ ಅಗ್ಗ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಐದು ವರ್ಷಕ್ಕೆ ನೋಂದಣಿ ನವೀಕರಿಸಿದವನು ನಾಲ್ಕು ಸಲ ತೇಪೆ ಹಾಕಿಸಬೇಕಾಗಿ 72,000 ರೂಪಾಯಿ ತೆರುತ್ತಾನೆ. ಕ್ರಮವಾದ ಕೆಲಸ ಮಾಡಿಸಿದವನ ಒಟ್ಟು ವೆಚ್ಚ 45,800. ಪ್ರತಿ ಸಲವೂ ಗಟ್ಟಿ ಉಕ್ಕು ಹಿಂದೆ ಸರಿಯುವುದರಿಂದ ನಾಲ್ಕನೆಯ ತೇಪೆ ಮೊದಲನೆಯದರ ಬೆಲೆಗೆ ದೊರೆಯುವುದಿಲ್ಲ ಎಂಬುದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ತೆರಿಗೆಯ ದೃಷ್ಟಿಯಿಂದ, ವ್ಯವಹಾರಕ್ಕೆ ಬಳಸುವ ವಾಹನದ ಸವೆದ ಭಾಗವನ್ನು ಬದಲಿಸಿ ಮೊದಲಿನ ಸ್ಥಿತಿಗೆ ತರುವ ವೆಚ್ಚ ಚಾಲ್ತಿ ದುರಸ್ತಿ ಎನಿಸಿ ಆಯಾ ವರ್ಷವೇ ಪೂರ್ತಿಯಾಗಿ ಖರ್ಚಿಗೆ ಬೀಳುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು ಕಲಂ 31ರ ವಿಷಯ. ಅದರ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಬರುವಂತೆ ರೂಪಿಸಿದ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ. ಇರುವ ಆಸ್ತಿಯನ್ನು ಉಳಿಸಿಕೊಳ್ಳುವ ವೆಚ್ಚ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ವೆಚ್ಚ ಹಾಗಲ್ಲ ಎಂಬ ಗೆರೆಯನ್ನು ಸುಪ್ರೀಂ ಕೋರ್ಟು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಬಿಗಿಯಾಗಿ ಎಳೆದಿದೆ. ಪಟ್ಟಿ, ನೆಲ, ಫೆಂಡರುಗಳ ಬದಲಾವಣೆ ಮೊದಲನೆಯ ಗುಂಪಿಗೆ ಸೇರುತ್ತದೆ. ಸರಕಿನ ಪೆಟ್ಟಿಗೆಯನ್ನು ದೊಡ್ಡದು ಮಾಡಿಸಿದರೆ ಅದು ಬಂಡವಾಳ ವೆಚ್ಚ. ಜೊತೆಗೆ ಮೋಟಾರು ವಾಹನ ಕಾಯ್ದೆಯ ಕಲಂ 52ರ ಅಡಿ ಮಾರ್ಪಾಡೂ ಆಗುತ್ತದೆ. ಶೇಕಡ 15ರ ಸವಕಳಿಗೆ ಒಳಪಡುವ ವಾಹನದಲ್ಲಿ 30,000 ರೂಪಾಯಿ ಬಂಡವಾಳವೆನಿಸಿದರೆ ಮೊದಲ ವರ್ಷ ಸಿಗುವುದು 4,500 ರೂಪಾಯಿ ಮಾತ್ರ. ಆದ್ದರಿಂದ ಬಿಲ್ಲಿನಲ್ಲಿ ಬಾಡಿ ಕೆಲಸ ಎಂಬ ಒಂದೇ ಸಾಲು ಸಾಲದು. ಯಾವ ಭಾಗ, ಏಕೆ, ಹೇಗೆ ಎಂಬುದು ಬರೆದಿರಬೇಕು. ಒಬ್ಬನಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ವೆಚ್ಚವೇ ಅಮಾನ್ಯವಾಗುತ್ತದೆ. ದುರಸ್ತಿಯ ಮೊತ್ತ ಈ ಮಿತಿಯನ್ನು ದಾಟುವುದು ಸಾಮಾನ್ಯವಾದ್ದರಿಂದ ಬ್ಯಾಂಕಿನ ಮೂಲಕ ಕೊಡುವುದೇ ಕ್ಷೇಮ.

ಸರಕು ವಾಹನಗಳನ್ನು ಬಾಡಿಗೆಗೆ ಓಡಿಸುತ್ತಾ, ಕಲಂ 44ಎಇ ಅಡಿಯಲ್ಲಿ ತಿಂಗಳಿಗೆ ಪ್ರತಿ ಲಘು ವಾಹನಕ್ಕೆ 7,500 ರೂಪಾಯಿ ಆದಾಯವೆಂದು ಘೋಷಿಸಿಕೊಂಡು ಬಂದವರಿಗೆ ಈ ಅನುಕೂಲವಿಲ್ಲ. ಅಂದಾಜು ಆದಾಯದ ಪದ್ಧತಿಯಲ್ಲಿ ದುರಸ್ತಿಯನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ. ತೇಪೆಯ ಪ್ರತಿ ರೂಪಾಯಿಯೂ ಅವರ ಜೇಬಿನದೇ. ಕ್ರಮವಾದ ಕೆಲಸದ ಅಗತ್ಯ ಅವರಿಗೇ ಹೆಚ್ಚು.

ಸರಕು ಮತ್ತು ಸೇವಾ ತೆರಿಗೆಯಲ್ಲಿ, ಸರಕು ಸಾಗಣೆ ವಾಹನದ ದುರಸ್ತಿಗೆ ತೆತ್ತ ತೆರಿಗೆಯ ಹೂಡುವಳಿ ಜಮೆ ನೋಂದಾಯಿತ ವರ್ತಕನಿಗೆ ಸಿಗುತ್ತದೆ. ಚಾಲಕನೂ ಸೇರಿ 13 ಮಂದಿಯವರೆಗಿನ ಪ್ರಯಾಣಿಕ ವಾಹನಕ್ಕೆ, ಕೆಲವು ವ್ಯವಹಾರಗಳನ್ನು ಬಿಟ್ಟರೆ, ಸಿಗುವುದಿಲ್ಲ. ಕ್ವಾಲಿಸ್‌ನಲ್ಲಿ ಮಾವಿನ ಬುಟ್ಟಿ ಸಾಗಿಸಿದ ಮಾತ್ರಕ್ಕೆ ಅದು ಸರಕು ವಾಹನವಾಗದು. ವಿಮೆಯ ಭರವಸೆಯೂ ಇಲ್ಲಿ ಸಣ್ಣದು. ತುಕ್ಕು ಮತ್ತು ಸವೆತಕ್ಕೆ ಮೋಟಾರು ವಿಮೆ ಪರಿಹಾರ ಕೊಡುವುದಿಲ್ಲ. ಅಪಘಾತದಲ್ಲಿ ಕೆಟ್ಟ ಲೋಹದ ಭಾಗಕ್ಕೂ 10 ವರ್ಷ ಮೀರಿದ ವಾಹನದಲ್ಲಿ ಶೇಕಡ 50ರಷ್ಟು ಸವಕಳಿ ಕಡಿತವಾಗುತ್ತದೆ.

ಎಲ್ಲ ಹಳೆಯ ವಾಹನಗಳನ್ನೂ ಉಳಿಸಬೇಕೆಂದು ಇದರ ಅರ್ಥವಲ್ಲ. ಪ್ರತ್ಯೇಕ ಚಾಸಿಯಿಲ್ಲದ ವಾಹನದಲ್ಲಿ ಎರಡೂ ಬದಿಯ ಪಟ್ಟಿ, ನೆಲ ಮತ್ತು ಸಸ್ಪೆನ್ಷನ್ ಕೂರುವ ಜಾಗ ಮೂರೂ ಕೊಳೆತಿದ್ದರೆ, ಚಾಸಿಯಿರುವ ವಾಹನದಲ್ಲಿ ಚಾಸಿಯೇ ಪದರ ಬಿಡುತ್ತಿದ್ದರೆ, ಅದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆಯುವುದೇ ವಿವೇಕ. ಆ ಪ್ರಮಾಣಪತ್ರದ ಆಧಾರದ ಮೇಲೆ ಹೊಸ ವಾಹನದ ಮೋಟಾರು ತೆರಿಗೆಯಲ್ಲಿ ಸ್ವಂತ ಬಳಕೆಗೆ ಶೇಕಡ 25, ವಾಣಿಜ್ಯ ಬಳಕೆಗೆ ಶೇಕಡ 15ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮಗಳು ಅವಕಾಶ ಕೊಟ್ಟಿವೆ. ದುರಸ್ತಿ ಮಾಡಿಸುವವರು ಚಾಸಿ ಸಂಖ್ಯೆ ಕೆತ್ತಿದ ಭಾಗಕ್ಕೆ ಗ್ರೈಂಡರ್ ತಾಗದಂತೆ ಎಚ್ಚರ ವಹಿಸಬೇಕು. ಆ ಅಂಕಿಗಳು ಅಳಿಸಿದರೆ ಎಫ್.ಸಿ. ಮಾಡಿಸುವ ದಿನ ಮಾಲೀಕನು ಕಳ್ಳತನದ ಶಂಕೆಗೆ ಉತ್ತರ ಹೇಳಬೇಕಾದೀತು.

ಶೆಡ್ಡುಗಳ ಸ್ಥಿತಿಯತ್ತ ವಾಣಿಜ್ಯ ಸಂಸ್ಥೆಗಳು ಗಮನ ಕೊಡಬೇಕಾದ ಕಾಲ ಬಂದಿದೆ. ಬಿಡದಿಯಲ್ಲಿ 2007ರಿಂದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಗ್ರಾಮೀಣ ಯುವಕರಿಗೆ ವೆಲ್ಡಿಂಗ್, ಪೇಂಟಿಂಗ್ ಮೊದಲಾದ ವಿದ್ಯೆಗಳನ್ನು ಕಲಿಸುತ್ತಾ ಬಂದಿದೆ. ಐಟಿಐ ಪಠ್ಯಕ್ರಮದಲ್ಲಿಯೂ ಆಟೋ ಬಾಡಿ ದುರಸ್ತಿಯ ವೃತ್ತಿ ಶಾಖೆಯಿದೆ. ಆದರೆ ಅಲ್ಲಿ ಕಲಿತವರು ಕಾರ್ಖಾನೆಗೆ ಹೋಗುತ್ತಾರೆ, ರಸ್ತೆಬದಿಯ ಶೆಡ್ಡಿಗೆ ಬರುವುದಿಲ್ಲ. ಶೆಡ್ಡಿನ ಮಾಲೀಕನಿಗೆ ಮಿಗ್ ಯಂತ್ರ, ಅನಿಲದ ಸಿಲಿಂಡರ್, ಮೇಣ ಸಿಂಪಡಿಸುವ ಕೊಳವೆ ಇವುಗಳಿಗೆ ಬಂಡವಾಳ ಹೂಡುವ ಧೈರ್ಯ ಬರಬೇಕಾದರೆ, ಅವುಗಳ ಕೆಲಸಕ್ಕೆ ಬೇರೆ ಬೆಲೆ ಕೊಡುವ ಗ್ರಾಹಕರು ಇದ್ದಾರೆಂಬ ಖಾತರಿ ಬೇಕು. ಆ ಖಾತರಿಯನ್ನು ಹತ್ತಿಪ್ಪತ್ತು ಮಂದಿ ವರ್ತಕರು ಒಂದುಗೂಡಿದರೆ ಕೊಡಬಲ್ಲರು. ವಾರ್ಷಿಕವಾಗಿ ಇಷ್ಟು ವಾಹನಗಳ ತಳ ತಪಾಸಣೆ ಮತ್ತು ಮೇಣದ ಕೆಲಸವನ್ನು ಒಪ್ಪಂದದಂತೆ ಒಂದು ಶೆಡ್ಡಿಗೆ ವಹಿಸಬಹುದು. ಕತ್ತರಿಸಿದ ಮೇಲೊಂದು, ಬೆಸುಗೆಯ ಮೇಲೊಂದು, ಪ್ರೈಮರಿನ ಮೇಲೊಂದು ಎಂದು ಮೂರು ಛಾಯಾಚಿತ್ರಗಳನ್ನು ಬಿಲ್ಲಿನೊಂದಿಗೆ ಕೊಡಬೇಕೆಂಬ ಷರತ್ತು ಹಾಕಬಹುದು. ಪುಟ್ಟಿ ಬೀಳುವುದಕ್ಕೆ ಮುಂಚಿನ ಚಿತ್ರ ತೋರಿಸಲಾಗದ ಶೆಡ್ಡಿಗೆ ಮುಂಗಡದ ಹಣವನ್ನಷ್ಟೇ ಕೊಟ್ಟು ಉಳಿದುದನ್ನು ತಡೆಹಿಡಿಯುವುದು ನ್ಯಾಯವೇ. ವಹಿವಾಟು ಸಣ್ಣದಾಗಿದ್ದು ಜಿಎಸ್‌ಟಿ ನೋಂದಣಿಯಿಲ್ಲದ ಶೆಡ್ಡಿನ ಸಾದಾ ಬಿಲ್ಲೂ ಆದಾಯ ತೆರಿಗೆಗೆ ಸಲ್ಲುತ್ತದೆ. ಬಿಲ್ಲೇ ಇಲ್ಲದ ಕೆಲಸ ಎಲ್ಲಿಯೂ ಸಲ್ಲದು. ಕೆಲಸ ಒಪ್ಪಿಸಲು ಮಾವಿನ ಸುಗ್ಗಿಗೆ ಮುಂಚಿನ ಒಣ ದಿನಗಳು, ಅಂದರೆ ಫೆಬ್ರವರಿಯಿಂದ ಮಾರ್ಚ್ ನಡುವಿನ ಅವಧಿ ತಕ್ಕುದು. ತಗಡು ಒಣಗಿರುತ್ತದೆ, ಪ್ರೈಮರ್ ಚೆನ್ನಾಗಿ ಹಿಡಿಯುತ್ತದೆ, ಮುಂಗಾರಿಗೆ ಮೊದಲು ಮೇಣ ಕೂರಲು ಸಮಯವಿರುತ್ತದೆ, ಸುಗ್ಗಿಯ ಬಾಡಿಗೆಯೂ ತಪ್ಪುವುದಿಲ್ಲ.